ನೆಟ್‌ವರ್ಕ್ ಸ್ಟೋರೇಜ್‌ಗೆ ಎನ್‌ಕ್ರಿಪ್ಶನ್ ಸೇರಿಸುವ ಮುಂಚೆ: ಯಾರಿಂದ ಮುಚ್ಚಿಡಬೇಕು, ಕೀ ಎಲ್ಲಿರಬೇಕು?

ಪ್ಲಗಿನ್‌ಗಾರ

ಎಲ್ಲರಿಗೂ ನಮಸ್ಕಾರ. ಕ್ಯೂಎಮು (ವರ್ಚುವಲ್ ಯಂತ್ರಗಳನ್ನು ಓಡಿಸುವ ಪ್ರೋಗ್ರಾಂ) ಮತ್ತು ಲಿಬ್‌ವರ್ಟ್ (ಅವುಗಳನ್ನು ನಿರ್ವಹಿಸುವ ಪದರ) ಮೇಲೆ ನಡೆಯುವ ನಮ್ಮ ಓಪನ್ ಸೋರ್ಸ್ ವರ್ಚುಯಲೈಸೇಶನ್ ಸಾಫ್ಟ್‌ವೇರ್‌ನ ಸ್ಟೋರೇಜ್ ಪ್ಲಗಿನ್‌ಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಹೋದ ವಾರ ಒಂದು ವಿಎಂ (ವರ್ಚುವಲ್ ಯಂತ್ರ) ಯಾಕೆ ನಿಧಾನ ಅಂತ ಹುಡುಕುತ್ತಾ, ಅದು ಓಡುವ ಹೋಸ್ಟ್ ಯಂತ್ರದಲ್ಲಿ ಎನ್‌ಎಫ್‌ಎಸ್‌ನ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) 2049ನೇ ಪೋರ್ಟ್ ಮೇಲೆ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವ ಸಾಧನ) ಹಾಕಿ ಕೂತಿದ್ದೆ. ವಿಎಂ ಆಗಷ್ಟೇ ಬೂಟ್ ಆಗುತ್ತಿತ್ತು. ಪರದೆಯ ಎಡಕ್ಕೆ ಹೆಕ್ಸ್ ಅಂಕೆಗಳು, ಬಲಕ್ಕೆ ಓದಲು ಬರುವ ಅಕ್ಷರಗಳು. ಒಂದು ರೀಡ್ ಉತ್ತರದ ಬಲಗಡೆ ‘ರೂಟ್’ ಅನ್ನುವ ಹೆಸರು, ಅದರ ಪಕ್ಕ ಡಾಲರ್ 6 ಡಾಲರ್, ಆಮೇಲೆ ಉದ್ದನೆಯ ಹ್ಯಾಶ್. ಆ ವಿಎಂನ ಶ್ಯಾಡೋ ಫೈಲು, ಅಂದರೆ ಪಾಸ್‌ವರ್ಡ್ ಹ್ಯಾಶ್‌ಗಳಿರುವ ಫೈಲು, ನನ್ನ ಕಣ್ಣೆದುರೇ ಸಾಲು ಸಾಲಾಗಿ ಹರಿದು ಹೋಯಿತು. ಎನ್‌ಎಫ್‌ಎಸ್ ಡೇಟಾವನ್ನು ಮುಚ್ಚದೆ ಕಳಿಸುತ್ತದೆ ಅಂತ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿರುವುದು ಬೇರೆ, ಕಣ್ಣಾರೆ ನೋಡುವುದು ಬೇರೆ.

ಅಂದಿನಿಂದ ಇದೇ ತಲೆಯಲ್ಲಿದೆ. ಸ್ಟೋರೇಜ್ ಸೇರಿಸುವ ಪುಟದಲ್ಲಿ ‘ಎನ್‌ಕ್ರಿಪ್ಟ್ ಮಾಡು’ ಎಂಬ ಒಂದು ಆಯ್ಕೆ ಕೊಡೋಣ ಅನ್ನುವುದು ನನ್ನ ಪ್ರಸ್ತಾಪ. ಎನ್‌ಎಫ್‌ಎಸ್ ಆದರೆ ಟಿಎಲ್‌ಎಸ್ (ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಪ್ರೋಟೋಕಾಲ್), ಸೆಫ್ (ಹಲವು ಯಂತ್ರಗಳಿಗೆ ಹಂಚಿದ ಸ್ಟೋರೇಜ್) ಆದರೆ ಅದರ ಡಿಸ್ಕ್ ಇಮೇಜ್ ಲೈಬ್ರರಿಯಾದ ಲಿಬ್‌ಆರ್‌ಬಿಡಿಯ ಎನ್‌ಕ್ರಿಪ್ಶನ್, ಉಳಿದದ್ದಕ್ಕೆಲ್ಲ ಕ್ಯೂಎಮುವಿನ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್ ಫಾರ್ಮ್ಯಾಟ್) ಡ್ರೈವರ್. ಕೋಡ್ ಅರ್ಧ ಬರೆದಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಹಳೇಕರ್ನಲ್

ಕೆಲಸ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಒಂದೇ ಆಯ್ಕೆಯೊಳಗೆ ಎರಡು ಬೇರೆ ಬೇರೆ ಕೆಲಸಗಳನ್ನು ತುಂಬುತ್ತಿದ್ದೀರಿ. ಟಿಎಲ್‌ಎಸ್ ಕಾಯುವುದು ತಂತಿಯನ್ನು. ಡೇಟಾ ಸ್ಟೋರೇಜ್ ಸರ್ವರ್ ಮುಟ್ಟಿದ ಕೂಡಲೇ ಬಿಚ್ಚಿಕೊಂಡು ಡಿಸ್ಕಿಗೆ ಹಾಗೇ ಇಳಿಯುತ್ತದೆ. ಲಕ್ಸ್ ಕಾಯುವುದು ಡಿಸ್ಕಿನಲ್ಲಿ ಇರುವ ಡೇಟಾವನ್ನು. ಅದನ್ನು ಹೋಸ್ಟ್‌ನಲ್ಲೇ ಮಾಡಿದರೆ ತಂತಿಯ ಮೇಲೂ ಬ್ಲಾಕ್‌ಗಳು ಮುಚ್ಚಿಕೊಂಡೇ ಹೋಗುತ್ತವೆ. ಆದರೆ ಫೈಲ್ ಹೆಸರು, ಯಾವ ಬ್ಲಾಕ್ ಯಾವಾಗ ಬರೆದರು, ಎನ್‌ಎಫ್‌ಎಸ್‌ನಲ್ಲಿ ಯಾವ ಯೂಸರ್ ಐಡಿ ಅನ್ನುವುದೆಲ್ಲ ಬಯಲಲ್ಲೇ ಇರುತ್ತದೆ. ಮಧ್ಯೆ ಕೂತವನು ಪ್ಯಾಕೆಟ್ ತಿದ್ದಬಹುದು ಕೂಡ.

ಹಾಗಾಗಿ ಮೊದಲ ಪ್ರಶ್ನೆ: ಯಾರಿಂದ ಮುಚ್ಚಿಡುತ್ತಿದ್ದೀರಿ? ಸ್ವಿಚ್‌ನ ಇನ್ನೊಂದು ಪೋರ್ಟ್‌ನಲ್ಲಿ ಕೂತವರಿಂದಲಾ, ಸ್ಟೋರೇಜ್ ಸರ್ವರ್ ನಡೆಸುವವರಿಂದಲಾ, ಕೆಟ್ಟುಹೋಯಿತು ಅಂತ ಹೊರಗೆ ಹೋದ ಡಿಸ್ಕ್ ಕೈಗೆ ಸಿಕ್ಕವರಿಂದಲಾ? ಮೂರಕ್ಕೂ ಉತ್ತರ ಬೇರೆ. ಹೈಪರ್‌ವೈಸರ್ ಹೋಸ್ಟ್‌ನಲ್ಲೇ ರೂಟ್ ಆಗಿ ಕೂತವರಿಂದ ಅಂತಾದರೆ ಈ ಮೂರೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಮೆಮೊರಿಯನ್ನೇ ಎನ್‌ಕ್ರಿಪ್ಟ್ ಮಾಡುವ ಪ್ರೊಸೆಸರ್ ಬೇಕು. ಅದು ಬೇರೆಯೇ ಚರ್ಚೆ.

ಒಂದೇ ಟಿಕ್ ಗುರುತು ಹಾಕಿಸಿ ‘ಎನ್‌ಕ್ರಿಪ್ಟ್ ಆಗಿದೆ’ ಅಂತ ತೋರಿಸಿದರೆ, ಟಿಎಲ್‌ಎಸ್ ಮಾತ್ರ ಇರುವವರು ತಮ್ಮ ಡಿಸ್ಕ್ ಕೂಡ ಭದ್ರ ಅಂದುಕೊಳ್ಳುತ್ತಾರೆ. ದಯವಿಟ್ಟು ಎರಡು ಬೇರೆ ಆಯ್ಕೆ ಇಡಿ.

ರಾತ್ರಿಪಾಳಿ

ಪ್ಯಾಚ್ (ಈ ಕೋಡ್ ಬದಲಾವಣೆ) ಬರುವ ತನಕ ಕಾಯಲಾಗದವರಿಗೆ: ನಾವು ಎನ್‌ಎಫ್‌ಎಸ್ ಅನ್ನು ವೈರ್‌ಗಾರ್ಡ್ ಎಂಬ ಎನ್‌ಕ್ರಿಪ್ಟೆಡ್ ಟನಲ್ ಒಳಗೆ ಓಡಿಸುತ್ತಿದ್ದೇವೆ. 2020ರಲ್ಲಿ ಬಂದ 5.6 ಕರ್ನಲ್‌ನಿಂದ ವೈರ್‌ಗಾರ್ಡ್ ಲಿನಕ್ಸ್‌ನ ಒಳಗೇ ಇದೆ, ಹೊರಗಿನಿಂದ ಏನೂ ಹಾಕಬೇಕಿಲ್ಲ. ಎರಡು ಎಚ್ಚರ.

ಮೊದಲನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಬೈಟ್ ಅಳತೆ. ಬಿಟ್ಟಂತೆ ಬಿಟ್ಟರೆ ಟನಲ್ 1420ಕ್ಕೆ ಕೂರುತ್ತದೆ. ನಿಮ್ಮ ಸ್ಟೋರೇಜ್ ನೆಟ್‌ವರ್ಕ್ 9000ದ ಜಂಬೋ ಫ್ರೇಮ್‌ನಲ್ಲಿದ್ದರೆ ಟನಲ್‌ಗೆ 8920 ಕೊಡಿ, ಇಲ್ಲದಿದ್ದರೆ ಜಂಬೋ ಇದ್ದೂ ಇಲ್ಲದಂತೆ.

ಎರಡನೆಯದು ಇನ್ನೂ ಮುಖ್ಯ. ಎನ್‌ಎಫ್‌ಎಸ್ ಸರ್ವರ್‌ನ ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಟನಲ್ ಒಳಗಿನ ವಿಳಾಸಗಳಿಗೆ ಮಾತ್ರ ಅನುಮತಿ ಇರಬೇಕು. ನಾವು ಶುರುವಿನಲ್ಲಿ ಹಳೆಯ ವಿಳಾಸಗಳನ್ನೂ ಹಾಗೇ ಬಿಟ್ಟಿದ್ದೆವು. ಒಂದು ಹೋಸ್ಟ್‌ನಲ್ಲಿ ಹಳೆಯ ಮೌಂಟ್ ಸಾಲು ಉಳಿದುಕೊಂಡಿತ್ತು. ಅದು ಯಾವ ದೂರೂ ಇಲ್ಲದೆ ಹಳೆಯ ದಾರಿಯಲ್ಲೇ, ಮುಚ್ಚದೆ, ಎರಡು ತಿಂಗಳು ಡೇಟಾ ಸಾಗಿಸಿದೆ. ಕೆಲಸ ನಡೆಯುತ್ತಿತ್ತಲ್ಲ, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ.

ಪ್ಲಗಿನ್‌ಗಾರರೇ, ನಿಮ್ಮ ಪ್ಯಾಚಿಗೂ ಇದೇ ಕೋರಿಕೆ. ಎನ್‌ಕ್ರಿಪ್ಶನ್ ಸಿಗದಿದ್ದರೆ ಸ್ಟೋರೇಜ್ ಮೇಲೇಳಲೇಬಾರದು. ‘ಸಿಕ್ಕರೆ ಬಳಸು, ಇಲ್ಲದಿದ್ದರೆ ಹಾಗೇ ಹೋಗು’ ಅನ್ನುವ ನಡುದಾರಿ ಬೇಡ.

ಕಲಿಯುವವಳು

ತಪ್ಪು ಪ್ರಶ್ನೆಯಾದರೆ ಕ್ಷಮಿಸಿ. ಇಷ್ಟೆಲ್ಲ ಯಾಕೆ? ಪ್ರತಿ ವಿಎಂ ಒಳಗೆ ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಬಿಟ್ಟರೆ ಹೋಸ್ಟ್‌ಗೂ ಸ್ಟೋರೇಜ್‌ಗೂ ಏನೂ ಕಾಣುವುದಿಲ್ಲ ಅಲ್ಲವೇ?

ಹಳೇಕರ್ನಲ್

ತಪ್ಪು ಪ್ರಶ್ನೆ ಅಲ್ಲವೇ ಅಲ್ಲ ಮೇಡಂ. ಬಹಳ ಕಡೆ ಅದೇ ಸರಿಯಾದ ಉತ್ತರ. ಸ್ಟೋರೇಜ್ ನಡೆಸುವವರನ್ನು ನಂಬದೆ ಇರುವುದಕ್ಕೆ ಅದಕ್ಕಿಂತ ಸರಳ ದಾರಿ ಇಲ್ಲ. ಆದರೆ ಅದರಲ್ಲಿ ಒಂದು ತೂತಿದೆ, ಅದನ್ನು ತಿಳಿದೇ ಬಳಸಬೇಕು.

ವಿಎಂ ಒಳಗೆ ಎನ್‌ಕ್ರಿಪ್ಶನ್ ಆದಾಗ ಡಿಸ್ಕ್ ಬಿಚ್ಚುವ ಮಾಸ್ಟರ್ ಕೀ ವಿಎಂನ ರಾಮ್‌ನಲ್ಲಿ ಇರುತ್ತದೆ. ಈಗ ಆ ವಿಎಂ ಅನ್ನು ಲೈವ್ ಮೈಗ್ರೇಟ್ ಮಾಡಿ. ರಾಮ್‌ನ ಪುಟ ಪುಟವೂ ಇನ್ನೊಂದು ಹೋಸ್ಟ್‌ಗೆ ಹೋಗುತ್ತದೆ, ಕೀ ಕೂಡ ಅದರ ಜೊತೆಗೇ ಹೋಗುತ್ತದೆ. ಮೈಗ್ರೇಶನ್‌ಗೆ ಟಿಎಲ್‌ಎಸ್ ಹಾಕಿರದಿದ್ದರೆ ಅದೇ ಟಿಸಿಪಿಡಂಪ್‌ನಲ್ಲಿ ಕೀ ಸಿಗುತ್ತದೆ. ಕ್ಯೂಎಮುವಿನಲ್ಲಿ ಮೈಗ್ರೇಶನ್‌ಗೆ ಟಿಎಲ್‌ಎಸ್ 2016ರ 2.7 ಆವೃತ್ತಿಯಿಂದಲೇ ಇದೆ, ಆದರೆ ಅದನ್ನು ನಾವಾಗಿ ಹಾಕಿಕೊಳ್ಳಬೇಕು.

ಇದಕ್ಕಿಂತ ಕೆಟ್ಟದ್ದು ಮೆಮೊರಿ ಸಮೇತ ತೆಗೆಯುವ ಸ್ನ್ಯಾಪ್‌ಶಾಟ್. ಅಪ್‌ಗ್ರೇಡ್‌ಗೆ ಮುಂಚೆ ಎಲ್ಲರೂ ತೆಗೆಯುತ್ತಾರೆ. ಆ ರಾಮ್ ಚಿತ್ರ ಎಲ್ಲಿ ಬರೆಯಲ್ಪಡುತ್ತದೆ? ಬಹಳ ಸಲ ಅದೇ ನೆಟ್‌ವರ್ಕ್ ಸ್ಟೋರೇಜ್ ಮೇಲೆ, ಅದೇ ಡಿಸ್ಕಿನ ಪಕ್ಕದಲ್ಲಿ. ಬೀಗ ಹಾಕಿ ಕೀಲಿಕೈಯನ್ನು ಬಾಗಿಲ ಮೊಳೆಗೇ ನೇತುಹಾಕಿದಂತೆ.

ಹೋಸ್ಟ್ ಮಟ್ಟದಲ್ಲಿ, ಅಂದರೆ ಕ್ಯೂಎಮು ಒಳಗೆ ಎನ್‌ಕ್ರಿಪ್ಟ್ ಮಾಡಿದರೆ ಕೀ ಇರುವುದು ಕ್ಯೂಎಮು ಪ್ರೊಸೆಸ್‌ನಲ್ಲಿ. ವಿಎಂನ ರಾಮ್ ಚಿತ್ರದೊಳಗೆ ಅದು ಬರುವುದಿಲ್ಲ. ಈ ಒಂದು ಕಾರಣಕ್ಕೇ ನಾನು ಈ ಪ್ಯಾಚಿನ ಪರ.

ಕಲಿಯುವವಳು

ಧನ್ಯವಾದ ಸರ್. ನಮ್ಮಲ್ಲಿ ಸ್ನ್ಯಾಪ್‌ಶಾಟ್ ಹಾಗೇ ತೆಗೆಯುತ್ತಾರೆ. ನಾಳೆಯೇ ನೋಡುತ್ತೇನೆ.

ಮೂರುಪ್ರತಿ

ಸೆಫ್ ಭಾಗದ ಬಗ್ಗೆ ನಾನು ಬರೆಯುತ್ತೇನೆ, ಅದನ್ನೇ ದಿನವೂ ಬಳಸುವವನು.

ತಂತಿಯ ವಿಷಯ ಮೊದಲು. 2019ರ ನಾಟಿಲಸ್ ಆವೃತ್ತಿಯಲ್ಲಿ ಮೆಸೆಂಜರ್‌ನ (ಸೆಫ್ ಭಾಗಗಳು ಮಾತಾಡಿಕೊಳ್ಳುವ ಪ್ರೋಟೋಕಾಲ್) ಎರಡನೇ ಆವೃತ್ತಿ ಬಂತು. ಮಾನಿಟರ್‌ಗಳು (ಕ್ಲಸ್ಟರ್ ಸ್ಥಿತಿ ನೋಡಿಕೊಳ್ಳುವ ಡೀಮನ್‌ಗಳು) ಅದಕ್ಕಾಗಿ 3300ನೇ ಪೋರ್ಟ್ ಬಳಸುತ್ತವೆ, ಹಳೆಯದಕ್ಕೆ 6789. ಹೊಸದರಲ್ಲಿ ಎರಡು ರೀತಿ ಇವೆ. ‘ಸಿಆರ್‌ಸಿ’ ಅಂದರೆ ತಪ್ಪು ಪತ್ತೆ ಮಾತ್ರ, ‘ಸೆಕ್ಯೂರ್’ ಅಂದರೆ ಪೂರ್ತಿ ಎನ್‌ಕ್ರಿಪ್ಶನ್. ಹೊಸ ಪೋರ್ಟ್‌ಗೆ ಬಂದ ಮಾತ್ರಕ್ಕೆ ಎನ್‌ಕ್ರಿಪ್ಟ್ ಆಯಿತು ಅಂದುಕೊಂಡವರನ್ನು ಬಹಳ ನೋಡಿದ್ದೇನೆ. ಓಎಸ್‌ಡಿಗಳಿಗೆ (ಡಿಸ್ಕ್ ನಡೆಸುವ ಡೀಮನ್‌ಗಳು) ಹೋಗುವ ಡೇಟಾ ತಾನಾಗಿಯೇ ‘ಸಿಆರ್‌ಸಿ’ಯಲ್ಲೇ ಹೋಗುತ್ತದೆ. ‘ಸೆಕ್ಯೂರ್’ ಬೇಕಾದರೆ ನಾವೇ ಕೇಳಬೇಕು.

ಇನ್ನು ಡಿಸ್ಕ್. 2021ರ ಪೆಸಿಫಿಕ್ ಆವೃತ್ತಿಯಿಂದ ಲಿಬ್‌ಆರ್‌ಬಿಡಿ ತಾನೇ ಲಕ್ಸ್ 1 ಮತ್ತು ಲಕ್ಸ್ 2 ಫಾರ್ಮ್ಯಾಟ್‌ನಲ್ಲಿ ಎನ್‌ಕ್ರಿಪ್ಟ್ ಮಾಡುತ್ತದೆ. ಅದೇ ವರ್ಷ ಕ್ಯೂಎಮು 6.1 ಅದನ್ನು ಕೈಗೆತ್ತಿಕೊಂಡಿತು, ಲಿಬ್‌ವರ್ಟ್ 7.9 ಡಿಸ್ಕ್ ವಿವರಣೆಯಲ್ಲಿ ಎನ್‌ಕ್ರಿಪ್ಟ್ ಮಾಡುವ ಎಂಜಿನ್ ಯಾವುದು ಅಂತ ಹೇಳುವ ಜಾಗ ಕೊಟ್ಟಿತು. ಹಾಗಾಗಿ ಪ್ಲಗಿನ್‌ಗೆ ಬೇಕಾದ ಕೆಳಗಿನ ಪದರಗಳೆಲ್ಲ ಸಿದ್ಧ ಇವೆ. ಆದರೆ ಇದು ಲಿಬ್‌ಆರ್‌ಬಿಡಿ ಬಳಸುವವರಿಗೆ ಮಾತ್ರ. ಕರ್ನಲ್‌ನ ಆರ್‌ಬಿಡಿ ಡ್ರೈವರ್‌ಗೆ ಈ ಎನ್‌ಕ್ರಿಪ್ಶನ್ ಅರ್ಥವಾಗುವುದಿಲ್ಲ. ನಮ್ಮ ಪ್ಲಗಿನ್ ಕಂಟೈನರ್‌ಗಳಿಗೆ ಇಮೇಜ್ ಅನ್ನು ಕರ್ನಲ್ ಮೂಲಕವೇ ಮ್ಯಾಪ್ ಮಾಡುತ್ತದೆ. ಅಲ್ಲಿ ಎನ್‌ಬಿಡಿ (ನೆಟ್‌ವರ್ಕ್ ಬ್ಲಾಕ್ ಡಿವೈಸ್) ಮೂಲಕ ಮ್ಯಾಪ್ ಮಾಡಬೇಕು, ಇಲ್ಲ ಈ ಆಯ್ಕೆಯನ್ನೇ ಮುಚ್ಚಿಡಬೇಕು.

ಇನ್ನೊಂದು, ಅಳತೆ. ಲಕ್ಸ್ 2ರ ಹೆಡರ್ (ಕೀ ವಿವರಗಳಿರುವ ಮುಂಭಾಗ) ಸಾಮಾನ್ಯವಾಗಿ 16 ಎಂಐಬಿ ತಿನ್ನುತ್ತದೆ, ಲಕ್ಸ್ 1ರದ್ದು 4 ಎಂಐಬಿ ತನಕ. ವಿಎಂಗೆ ಅಷ್ಟು ಕಡಿಮೆ ಡಿಸ್ಕ್ ಕಾಣುತ್ತದೆ. ಇದನ್ನು ಸಣ್ಣದು ಅಂತ ಬಿಡಬೇಡಿ.

ಪ್ಲಗಿನ್‌ಗಾರ

ಮೂರುಪ್ರತಿಯವರೇ, ನಿಮ್ಮ ಕೊನೆಯ ಮಾತನ್ನು ನಿನ್ನೆ ರಾತ್ರಿ ನನ್ನ ಕೈಯಾರೆ ಕಂಡುಕೊಂಡೆ. 32 ಜಿಐಬಿಯ ಒಂದು ಹಳೆಯ ಡಿಸ್ಕನ್ನು, ವಿಎಂ ಓಡುತ್ತಿರುವಾಗಲೇ, 32 ಜಿಐಬಿಯ ಹೊಸ ಎನ್‌ಕ್ರಿಪ್ಟೆಡ್ ಇಮೇಜಿಗೆ ಸಾಗಿಸಲು ಹೋದೆ. ಗುರಿ ಇಮೇಜಿನಲ್ಲಿ ಬರೆಯಲು ಸಿಗುವುದು 32 ಜಿಐಬಿಗಿಂತ 16 ಎಂಐಬಿ ಕಡಿಮೆ. ಪುಣ್ಯಕ್ಕೆ ಅದು ಶುರುವಿನಲ್ಲೇ ಬೇಡ ಅಂತು. ನನ್ನ ಕೋಡ್ ಎರಡೂ ಕಡೆ ಇಮೇಜಿನ ಹೊರಗಿನ ಅಳತೆಯನ್ನು ಹೋಲಿಸಿ ‘ಸರಿ’ ಅಂದುಬಿಟ್ಟಿತ್ತು. ಒಳಗಿನ ಅಳತೆಯನ್ನು ನೋಡಬೇಕಿತ್ತು. ಪಾರ್ಟಿಶನ್ ಪಟ್ಟಿಯ ಹಿಂಬದಿ ಪ್ರತಿ ಇರುವುದು ಡಿಸ್ಕಿನ ಕಟ್ಟಕಡೆಯ ಸೆಕ್ಟರ್‌ಗಳಲ್ಲಿ. ಬಾಲ ಕತ್ತರಿಸಿಹೋಗಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ.

ಈಗ ಬದಲಿಸಿದ್ದೇನೆ. ಬಳಕೆದಾರರು 32 ಕೇಳಿದರೆ ಒಳಗೆ 32 ಸಿಗಬೇಕು, ಹೆಡರ್‌ನ ಜಾಗವನ್ನು ಪ್ಲಗಿನ್ ಹೊರಗಿನಿಂದ ಸೇರಿಸುತ್ತದೆ. ಸ್ಟೋರೇಜ್ ಪುಟದಲ್ಲಿ ತೋರಿಸುವುದು ಒಳಗಿನ ಅಳತೆ. ಹಳೇಕರ್ನಲ್ ಹೇಳಿದ ಹಾಗೆ ‘ದಾರಿಯಲ್ಲಿ ರಕ್ಷಣೆ’ ಮತ್ತು ‘ಡಿಸ್ಕಿನಲ್ಲಿ ರಕ್ಷಣೆ’ ಅಂತ ಎರಡು ಆಯ್ಕೆಗಳಾಗಿಯೂ ಒಡೆದಿದ್ದೇನೆ.

ಗೊಂಚಲು

ಟೆಂಪ್ಲೇಟ್‌ಗಳ ಬಗ್ಗೆ ಯಾರೂ ಕೇಳಿಲ್ಲ, ನಾನು ಕೇಳುತ್ತೇನೆ. ಒಂದು ಟೆಂಪ್ಲೇಟನ್ನು ಲಕ್ಸ್ ಮಾಡಿ, ಅದರಿಂದ 50 ವಿಎಂಗಳನ್ನು ಬ್ಲಾಕ್ ಮಟ್ಟದಲ್ಲಿ ನಕಲು ಮಾಡಿದರೆ ಹೆಡರ್ ಕೂಡ ನಕಲಾಗುತ್ತದೆ. ಅಂದರೆ 50 ವಿಎಂಗಳಿಗೂ ಒಂದೇ ಮಾಸ್ಟರ್ ಕೀ. ಪ್ರತಿಯೊಬ್ಬರೂ ತಮ್ಮ ಪಾಸ್‌ಫ್ರೇಸ್ ಬದಲಿಸಿಕೊಂಡರು ಅಂತಲೇ ಇಟ್ಟುಕೊಳ್ಳಿ. ಲಕ್ಸ್‌ನಲ್ಲಿ ಪಾಸ್‌ಫ್ರೇಸ್ ಬಿಚ್ಚುವುದು ಮಾಸ್ಟರ್ ಕೀ ಇರುವ ಪೆಟ್ಟಿಗೆಯನ್ನು ಮಾತ್ರ. ಪೆಟ್ಟಿಗೆಯ ಬೀಗ ಬದಲಾದರೂ ಒಳಗಿನ ಕೀ ಹಳೆಯದೇ. ಒಬ್ಬರು ತಮ್ಮ ವಿಎಂನ ಮಾಸ್ಟರ್ ಕೀ ತೆಗೆದರೆ ಉಳಿದ 49 ಡಿಸ್ಕ್‌ಗಳೂ ತೆರೆದುಕೊಳ್ಳುತ್ತವೆ. ಬೇರೆ ಬೇರೆ ಗಿರಾಕಿಗಳ ವಿಎಂಗಳು ಒಂದೇ ಟೆಂಪ್ಲೇಟಿನಿಂದ ಬಂದಿರುವ ಕಡೆ ಇದು ಗಂಭೀರ ವಿಷಯ.

ಪೂರ್ತಿ ನಕಲಾದರೆ ಕ್ಯೂಎಮು-ಇಮೇಜ್‌ನ ಕನ್ವರ್ಟ್ ಮೂಲಕ ಬಿಚ್ಚಿ, ಹೊಸ ಕೀಯಲ್ಲಿ ಮತ್ತೆ ಮುಚ್ಚಿ ಬರೆಯಬೇಕು. ಸಮಯ ಹಿಡಿಯುತ್ತದೆ, ಹಿಡಿಯಲಿ. ಲಿಂಕ್ಡ್ ನಕಲಿಗೆ, ಅಂದರೆ ಟೆಂಪ್ಲೇಟಿನ ಮೇಲೆ ನಿಂತು ಬದಲಾವಣೆ ಮಾತ್ರ ಇಟ್ಟುಕೊಳ್ಳುವ ನಕಲಿಗೆ, ಕ್ಯೂಎಮುವಿನ ಡಿಸ್ಕ್ ಫೈಲ್ ಫಾರ್ಮ್ಯಾಟ್ ಆದ ಕ್ಯೂಕೌ2ನಲ್ಲಿ ಪ್ರತಿ ಪದರಕ್ಕೂ ಅದರದ್ದೇ ಲಕ್ಸ್ ಹೆಡರ್ ಇರಬಹುದು. ಲಿಬ್‌ಆರ್‌ಬಿಡಿಯಲ್ಲೂ ಈಗ ಮರಿ ಇಮೇಜಿಗೆ ತಾಯಿ ಇಮೇಜಿನದ್ದಲ್ಲದ ಕೀ ಕೊಡಬಹುದು. ಆದರೆ ಆಗ ಒಂದು ವಿಎಂ ಶುರುವಾಗಲು ಸರಪಳಿಯಲ್ಲಿರುವ ಎಲ್ಲ ಕೀಗಳೂ ಬೇಕು. ಟೆಂಪ್ಲೇಟಿನ ಕೀಯನ್ನು ‘ಹಳೆಯದು, ಯಾರೂ ಬಳಸುತ್ತಿಲ್ಲ’ ಅಂತ ಅಳಿಸಿದರೆ ಅದರ ಮೇಲೆ ನಿಂತ ಎಲ್ಲವೂ ಹೋಯಿತು. ಕೀ ಅಳಿಸುವ ಮುನ್ನ ಯಾವ ಯಾವ ಇಮೇಜ್ ಇದರ ಮೇಲೆ ನಿಂತಿದೆ ಅಂತ ಪ್ಲಗಿನ್ ಎಣಿಸಿ ಹೇಳಲೇಬೇಕು.

ಮತ್ತೆ, ಕ್ಯೂಕೌ2ನ ಹಳೆಯ ಎಇಎಸ್ ರೀತಿಯನ್ನು ದಯವಿಟ್ಟು ಪಟ್ಟಿಯಲ್ಲಿ ತೋರಿಸಲೂ ಬೇಡಿ. ಪಾಸ್‌ವರ್ಡಿನ ಮೊದಲ 16 ಬೈಟ್‌ಗಳನ್ನೇ ನೇರವಾಗಿ ಕೀ ಮಾಡಿಕೊಳ್ಳುವ ವ್ಯವಸ್ಥೆ ಅದು. ಹಳೆಯ ಡೇಟಾ ಹೊರತೆಗೆಯಲೆಂದು ಮಾತ್ರ ಕ್ಯೂಎಮು ಅದನ್ನು ಉಳಿಸಿಕೊಂಡಿದೆ.

ರಾತ್ರಿಪಾಳಿ

ಎನ್‌ಎಫ್‌ಎಸ್ ಮೇಲಿನ ಟಿಎಲ್‌ಎಸ್ ಬಗ್ಗೆ ನನ್ನ ಅನುಭವ ಹೇಳಬೇಕು, ಯಾಕೆಂದರೆ ಇದು ಪ್ಯಾಚಿನೊಳಗೆ ಬರದಿದ್ದರೆ ಇನ್ನೊಬ್ಬರು ಅದೇ ಹಳ್ಳಕ್ಕೆ ಬೀಳುತ್ತಾರೆ.

ಆರ್‌ಪಿಸಿ (ಎನ್‌ಎಫ್‌ಎಸ್‌ನ ಕೆಳಗಿರುವ ಪ್ರೋಟೋಕಾಲ್) ಮೇಲೆ ಟಿಎಲ್‌ಎಸ್ ಅನ್ನುವುದು 2022ರಲ್ಲಿ ಆರ್‌ಎಫ್‌ಸಿ 9289 ಎಂಬ ಮಾನಕವಾಗಿ ಬಂತು. ಲಿನಕ್ಸ್‌ನಲ್ಲಿ ಸರ್ವರ್ ಭಾಗ 6.4 ಕರ್ನಲ್‌ಗೆ, ಕ್ಲೈಂಟ್ ಭಾಗ 6.5ಕ್ಕೆ ಸೇರಿತು. ಡೇಟಾ ಎನ್‌ಕ್ರಿಪ್ಟ್ ಮಾಡುವುದು ಕರ್ನಲ್. ಆದರೆ ಶುರುವಿನ ಹ್ಯಾಂಡ್‌ಶೇಕ್, ಅಂದರೆ ಸರ್ಟಿಫಿಕೇಟ್ ತೋರಿಸಿ ಪರಸ್ಪರ ಒಪ್ಪಿಕೊಳ್ಳುವ ಕೆಲಸ, ಟಿಎಲ್‌ಎಸ್‌ಎಚ್‌ಡಿ ಅನ್ನುವ ಯೂಸರ್‌ಸ್ಪೇಸ್ ಡೀಮನ್‌ನದ್ದು. ಮೌಂಟ್ ಮಾಡುವಾಗ ‘ಎಕ್ಸ್‌ಪಿಆರ್‌ಟಿಸೆಕ್’ ಆಯ್ಕೆಯಲ್ಲಿ ‘ಟಿಎಲ್‌ಎಸ್’ ಕೊಟ್ಟರೆ ಸರ್ವರ್ ಯಾರು ಅಂತ ನಾವು ನೋಡುತ್ತೇವೆ, ‘ಎಂಟಿಎಲ್‌ಎಸ್’ ಕೊಟ್ಟರೆ ನಾವು ಯಾರು ಅಂತ ಸರ್ವರ್ ಕೂಡ ನೋಡುತ್ತದೆ. ಸರ್ವರ್‌ನ ಎಕ್ಸ್‌ಪೋರ್ಟ್ ಸಾಲಿನಲ್ಲೂ ಅದೇ ಆಯ್ಕೆ ಇದೆ. ಅಲ್ಲಿ ಏನೂ ಬರೆಯದಿದ್ದರೆ ಟಿಎಲ್‌ಎಸ್ ಇಲ್ಲದ ಕ್ಲೈಂಟ್‌ಗೂ ಬಾಗಿಲು ತೆರೆದೇ ಇರುತ್ತದೆ.

ನಮ್ಮಲ್ಲಿ ಏನಾಯಿತೆಂದರೆ, ಹೋಸ್ಟ್‌ಗಳ ಸರ್ಟಿಫಿಕೇಟ್ ಅವಧಿ ಒಂದು ವರ್ಷ. ಅವಧಿ ಮುಗಿಯಿತು. ಏನೂ ಆಗಲಿಲ್ಲ. ಸರ್ಟಿಫಿಕೇಟ್ ನೋಡುವುದು ಹ್ಯಾಂಡ್‌ಶೇಕ್ ವೇಳೆಯಲ್ಲಿ ಮಾತ್ರ, ಆಗಲೇ ನಡೆಯುತ್ತಿರುವ ಸಂಪರ್ಕ ಹಾಗೇ ಮುಂದುವರಿಯುತ್ತದೆ. ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ರಾತ್ರಿ ಕರ್ನಲ್ ಅಪ್‌ಡೇಟ್‌ಗೆ ಅಂತ ಸ್ಟೋರೇಜ್ ಸರ್ವರ್ ರೀಸ್ಟಾರ್ಟ್ ಮಾಡಿದೆ. ಅದು ಎರಡು ನಿಮಿಷದಲ್ಲಿ ಎದ್ದು ಬಂತು. ಹೋಸ್ಟ್‌ಗಳು ಮಾತ್ರ ಮತ್ತೆ ಸಂಪರ್ಕಕ್ಕೆ ಬರಲಿಲ್ಲ. ಹಾರ್ಡ್ ಮೌಂಟ್ ಆದ್ದರಿಂದ ದೋಷವೂ ಬರುವುದಿಲ್ಲ, ಸುಮ್ಮನೆ ಕಾಯುತ್ತಿರುತ್ತದೆ. ಟಾಪ್ (ಪ್ರೊಸೆಸ್ ಪಟ್ಟಿ ತೋರಿಸುವ ಕಮಾಂಡ್) ತೆರೆದರೆ ಎಲ್ಲ ಕ್ಯೂಎಮು ಪ್ರೊಸೆಸ್‌ಗಳ ಮುಂದೆ ‘ಡಿ’ ಅಕ್ಷರ, ಅಂದರೆ ಡಿಸ್ಕಿಗಾಗಿ ಕಾದು ನಿಂತಿವೆ, ಲೋಡ್ ಸಂಖ್ಯೆ ಏರುತ್ತಲೇ ಇದೆ, ಸಿಪಿಯು ಮಾತ್ರ ಖಾಲಿ. ನಾನು ನೆಟ್‌ವರ್ಕ್ ನೋಡಿದೆ, ಸ್ವಿಚ್ ನೋಡಿದೆ, ಪಿಂಗ್ ಹೋಗುತ್ತಿದೆ, ಪೋರ್ಟ್ ತೆರೆದಿದೆ. ಟಿಎಲ್‌ಎಸ್‌ಎಚ್‌ಡಿಯ ಲಾಗ್ ನೋಡಬೇಕು ಅಂತ ಹೊಳೆಯಲು ಒಂದೂವರೆ ಗಂಟೆ ಹಿಡಿಯಿತು. ಹೊಸ ಸರ್ಟಿಫಿಕೇಟ್ ಹಾಕಿದ ಮೇಲೆ ವಿಎಂಗಳು ತಾವಾಗಿಯೇ ಉಸಿರಾಡಿದವು. ಆದರೆ ಅಷ್ಟರಲ್ಲಿ ಕೆಲವು ವಿಎಂಗಳ ಒಳಗೆ ಡಿಸ್ಕ್ ಟೈಮ್‌ಔಟ್ ಆಗಿ ಫೈಲ್ ಸಿಸ್ಟಮ್ ಓದಲು ಮಾತ್ರ ಅನ್ನುವ ಸ್ಥಿತಿಗೆ ಹೋಗಿತ್ತು.

ಆದ್ದರಿಂದ ಎರಡು ಕೇಳುತ್ತೇನೆ. ಸ್ಟೋರೇಜ್ ಪುಟದಲ್ಲಿ ಸರ್ಟಿಫಿಕೇಟ್ ಮುಗಿಯುವ ದಿನಾಂಕ ಕಾಣಬೇಕು, ಹತ್ತಿರ ಬಂದಾಗ ಎಚ್ಚರಿಕೆ ಬರಬೇಕು. ಟಿಎಲ್‌ಎಸ್‌ಎಚ್‌ಡಿ ಓಡುತ್ತಿಲ್ಲದಿದ್ದರೆ ಅದನ್ನೂ ಕೆಂಪಗೆ ತೋರಿಸಬೇಕು. ಮೌಂಟ್ ಆದ ಮೇಲೆ ಅದರ ಕೆಲಸ ಮುಗಿಯಿತು ಅಂತ ಯಾರೂ ನಿಲ್ಲಿಸಬಾರದು.

ಹಳೇಕರ್ನಲ್

ಇದು ತುಂಬ ಉಪಯುಕ್ತ ರಾತ್ರಿಪಾಳಿಯವರೇ. ಹಳೆಯ ದಾರಿ, ಅಂದರೆ ಕರ್ಬೆರೋಸ್‌ನ (ಟಿಕೆಟ್ ಮೂಲಕ ಗುರುತು ಸಾಬೀತು ಮಾಡುವ ವ್ಯವಸ್ಥೆ) ಎನ್‌ಕ್ರಿಪ್ಟ್ ಮಾಡುವ ರೀತಿಯಾದ ಕೆಆರ್‌ಬಿ5ಪಿ, ಅದರಲ್ಲೂ ಇದೇ ಗುಣ ಇದೆ, ಅವಧಿ ಮಾತ್ರ ವರ್ಷದ ಬದಲು ಗಂಟೆಗಳದ್ದು. ರೂಟ್‌ಗೆ ಹೋಸ್ಟ್‌ನದ್ದೇ ಗುರುತು ಸಾಕಾಗುತ್ತದೆ. ಆದರೆ ಕ್ಯೂಎಮು ಬೇರೆ ಯೂಸರ್ ಹೆಸರಿನಲ್ಲಿ ಓಡುತ್ತದೆ, ಆ ಯೂಸರ್‌ಗೂ ಟಿಕೆಟ್ ಬೇಕು. ಟಿಕೆಟ್ ಮುಗಿದರೆ ಓಡುತ್ತಿರುವ ವಿಎಂನ ಡಿಸ್ಕ್ ಕೈಕೊಡುತ್ತದೆ. ಜಿಎಸ್‌ಎಸ್‌ಪ್ರಾಕ್ಸಿ (ಟಿಕೆಟ್‌ಗಳನ್ನು ನೋಡಿಕೊಳ್ಳುವ ಡೀಮನ್) ಇಟ್ಟು ನಿಭಾಯಿಸಬಹುದು. ಹೊಸದಾಗಿ ಕಟ್ಟುವವರಿಗೆ ನಾನು ಟಿಎಲ್‌ಎಸ್ ಹೇಳುತ್ತೇನೆ.

ಕಲಿಯುವವಳು

ವೇಗ ಎಷ್ಟು ಕಡಿಮೆ ಆಗುತ್ತದೆ? ಕ್ರಿಪ್ಟ್‌ಸೆಟಪ್ ಬೆಂಚ್‌ಮಾರ್ಕ್ ಓಡಿಸಿದರೆ ಬಹಳ ದೊಡ್ಡ ಸಂಖ್ಯೆ ಬಂತು, ಹಾಗಾದರೆ ಚಿಂತೆ ಇಲ್ಲವೇ?

ಗೊಂಚಲು

ಆ ಬೆಂಚ್‌ಮಾರ್ಕ್ ಮೆಮೊರಿಯಲ್ಲಿ ಮಾತ್ರ ಅಳೆಯುತ್ತದೆ, ಡಿಸ್ಕೂ ಇಲ್ಲ ನೆಟ್‌ವರ್ಕೂ ಇಲ್ಲ. ನಿಮ್ಮ ಪ್ರೊಸೆಸರ್‌ನಲ್ಲಿ ಎಇಎಸ್ ಸೂಚನೆಗಳು ಇವೆ ಅಂತ ಖಚಿತಪಡಿಸಿಕೊಳ್ಳಲು ಅದು ಸಾಕು. ನಿಜವಾದ ಇಕ್ಕಟ್ಟು ಎಲ್ಲಿ ಬರುತ್ತದೆ ಅಂದರೆ ಕೆಲಸ ಎಷ್ಟು ಥ್ರೆಡ್‌ಗಳಿಗೆ ಹಂಚಿಕೆಯಾಗುತ್ತದೆ ಅನ್ನುವುದರಲ್ಲಿ. ಡಿಎಂ-ಕ್ರಿಪ್ಟ್ (ಲಿನಕ್ಸ್ ಕರ್ನಲ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಹಲವು ಕೋರ್‌ಗಳಿಗೆ ಹಂಚುತ್ತದೆ. ಕ್ಯೂಎಮುವಿನ ರಾ ಲಕ್ಸ್ ಡ್ರೈವರ್ ಒಂದು ಡಿಸ್ಕಿನ ಎನ್‌ಕ್ರಿಪ್ಶನ್ ಎಲ್ಲವನ್ನೂ ಆ ಡಿಸ್ಕಿನ ಐಓ ಥ್ರೆಡ್‌ನಲ್ಲೇ ಮಾಡುತ್ತದೆ. ಹಾಗಾಗಿ ಪ್ರತಿ ಡಿಸ್ಕಿಗೂ ಬೇರೆ ಐಓ ಥ್ರೆಡ್ ಕೊಡಿ. ನಿಮ್ಮ ಸ್ವಂತ ಕೆಲಸದ ಹೊರೆ ಹಾಕಿಯೇ ಅಳೆಯಿರಿ, ಬೇರೆಯವರ ಸಂಖ್ಯೆ ನಂಬಬೇಡಿ.

ವೇಗಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಜಾಗವನ್ನು. ಎನ್‌ಕ್ರಿಪ್ಟ್ ಆದ ಬ್ಲಾಕ್‌ಗಳು ಸ್ಟೋರೇಜ್ ಸರ್ವರ್‌ಗೆ ಗೊತ್ತುಗುರಿ ಇಲ್ಲದ ಬೈಟ್‌ಗಳಂತೆ ಕಾಣುತ್ತವೆ. ಕಂಪ್ರೆಶನ್ ಆಗುವುದಿಲ್ಲ, ಡೀಡುಪ್ಲಿಕೇಶನ್ (ಒಂದೇ ತರಹದ ಬ್ಲಾಕ್‌ಗಳನ್ನು ಒಂದೇ ಸಲ ಇಡುವುದು) ಆಗುವುದಿಲ್ಲ. ಅದನ್ನು ನಂಬಿಕೊಂಡು ಡಿಸ್ಕ್ ಖರೀದಿಸಿದವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಬ್ಯಾಕಪ್‌ಮೊದಲು

ತಡವಾಗಿ ಬಂದೆ. ಇಷ್ಟು ಹೊತ್ತು ಡಿಸ್ಕ್ ಬಗ್ಗೆ ಮಾತಾಡಿದಿರಿ. ಬ್ಯಾಕಪ್?

ಕ್ಯೂಎಮು ಮೂಲಕ ಬ್ಯಾಕಪ್ ತೆಗೆದಾಗ ಓದುವುದು ಎನ್‌ಕ್ರಿಪ್ಶನ್ ಪದರದ ಮೇಲಿನಿಂದ, ಅಂದರೆ ಬಿಚ್ಚಿದ ಡೇಟಾ. ಮೂಲ ಡಿಸ್ಕ್ ಎಷ್ಟೇ ಭದ್ರವಾಗಿದ್ದರೂ ಬ್ಯಾಕಪ್ ಸರ್ವರ್‌ನಲ್ಲಿ ಎಲ್ಲವೂ ಬಯಲು, ಬ್ಯಾಕಪ್ ತಾನೇ ಎನ್‌ಕ್ರಿಪ್ಟ್ ಮಾಡದಿದ್ದರೆ. ಅದೇ ಸೆಫ್ ಮಟ್ಟದಲ್ಲಿ ಇಮೇಜನ್ನು ಎಕ್ಸ್‌ಪೋರ್ಟ್ ಮಾಡಿದರೆ ಬರುವುದು ಮುಚ್ಚಿದ ಡೇಟಾ, ಹೆಡರ್ ಸಮೇತ. ಅದನ್ನು ಮರಳಿ ತರುವಾಗ ಅಂದಿನ ಕೀಯೇ ಬೇಕು. ಮೂರು ವರ್ಷದ ಹಿಂದಿನ ಬ್ಯಾಕಪ್ ಉಳಿಸಿ, ಅಂದಿನ ಕೀ ಅಳಿಸಿದ್ದರೆ ಉಳಿಸಿದ್ದು ಬರೀ ತೂಕ. ಕೀಯ ಆಯುಷ್ಯ ವಿಎಂನ ಆಯುಷ್ಯಕ್ಕಿಂತ ಉದ್ದ ಅನ್ನುವುದು ಪ್ಯಾಚಿನಲ್ಲಿ ಬರಬೇಕು.

ಹೆಡರ್‌ನ ಬ್ಯಾಕಪ್ ಕೂಡ ಬೇರೆಯಾಗಿ ಬೇಕು. ಆ ಕೆಲವು ಎಂಐಬಿ ಹಾಳಾದರೆ ಸರಿಯಾದ ಪಾಸ್‌ಫ್ರೇಸ್ ಕೈಯಲ್ಲಿದ್ದರೂ ಏನೂ ಮಾಡಲಾಗದು. ಸಾಮಾನ್ಯ ಡಿಸ್ಕಿನಲ್ಲಿ ಕೆಲವು ಎಂಐಬಿ ಹೋದರೆ ಉಳಿದದ್ದನ್ನು ಹೆಕ್ಕಬಹುದು, ಇಲ್ಲಿ ಹಾಗಿಲ್ಲ.

ಗೊಂಚಲು

ಈಗ ನಾನು ಬಹಳ ದಿನದಿಂದ ಹೇಳಬೇಕು ಅಂದುಕೊಂಡದ್ದಕ್ಕೆ ಬರುತ್ತೇನೆ. ಕರೆಂಟ್ ಹೋಗಿ ಬಂದಾಗ ಕೀ ಎಲ್ಲಿಂದ ಬರುತ್ತದೆ?

ಕೀಯನ್ನು ಹೋಸ್ಟ್ ಡಿಸ್ಕಿನಲ್ಲೇ ಇಟ್ಟರೆ ಎಲ್ಲ ಸಲೀಸು. ಲಿಬ್‌ವರ್ಟ್‌ನ ಶಾಶ್ವತ ಸೀಕ್ರೆಟ್‌ಗಳು (ಅದು ಇಟ್ಟುಕೊಳ್ಳುವ ಕೀಗಳು) ಬಹುಕಾಲ ಹಾಗೇ ಇದ್ದವು, ಬೇಸ್64 ರೂಪದಲ್ಲಿ, ಅಂದರೆ ಎನ್‌ಕ್ರಿಪ್ಟ್ ಆಗದೆ, ಹೋಸ್ಟ್‌ನ ಒಂದು ಫೈಲಿನಲ್ಲಿ. ನಾವು ಕಾಯುತ್ತಿರುವುದು ಸ್ಟೋರೇಜ್ ಕಡೆಯವರಿಂದ ಮಾತ್ರ ಅಂದರೆ ಇದು ಒಪ್ಪಬಹುದಾದ ಆಯ್ಕೆಯೇ. ಆದರೆ ಹೋಸ್ಟ್‌ನ ಬೂಟ್ ಡಿಸ್ಕ್ ಕಳಚಿ ಹೊರಗೆ ಹೋದ ದಿನ ಎಲ್ಲ ಕೀಗಳೂ ಅದರ ಜೊತೆ ಹೋದವು.

ತಾತ್ಕಾಲಿಕ ಸೀಕ್ರೆಟ್ ಅಂತ ಗುರುತು ಮಾಡಿದರೆ ಅದು ಮೆಮೊರಿಯಲ್ಲಿ ಮಾತ್ರ. ಆಗ ಹೋಸ್ಟ್ ಎದ್ದಾಗಲೆಲ್ಲ ಯಾರಾದರೂ ಕೀ ಕೊಡಬೇಕು. ನಡುರಾತ್ರಿ ಮನುಷ್ಯರಿಂದ ಆಗದ ಕೆಲಸ. ಅದಕ್ಕೆ ಕೀ ಸರ್ವರ್ ಇಡುತ್ತಾರೆ. ಇಲ್ಲೇ ನಾನು ಕಣ್ಣಾರೆ ಕಂಡ ಗಂಟು: ಒಂದು ಕಡೆ ಆ ಕೀ ಸರ್ವರ್ ಕೂಡ ಒಂದು ವಿಎಂ ಆಗಿತ್ತು, ಅದರ ಡಿಸ್ಕ್ ಇದ್ದದ್ದು ಅದೇ ಎನ್‌ಕ್ರಿಪ್ಟೆಡ್ ಸ್ಟೋರೇಜ್ ಮೇಲೆ. ದಿನವೂ ಓಡುತ್ತಿದ್ದಾಗ ಏನೂ ಗೊತ್ತಾಗಲಿಲ್ಲ. ಎಲ್ಲವೂ ಒಟ್ಟಿಗೆ ನಿಂತು ಒಟ್ಟಿಗೆ ಎದ್ದ ದಿನ, ಕೀ ಸರ್ವರ್ ತೆರೆಯಲು ಕೀ ಸರ್ವರ್‌ನ ಕೀ ಬೇಕಾಯಿತು. ಒಬ್ಬರು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಇಟ್ಟಿದ್ದರಿಂದ ಬದುಕಿದರು.

ನನ್ನ ಸಲಹೆ ಕ್ಲೆವಿಸ್ (ಹೋಸ್ಟ್‌ನಲ್ಲಿ ಓಡುವ ಭಾಗ) ಮತ್ತು ಟ್ಯಾಂಗ್ (ನೆಟ್‌ವರ್ಕ್‌ನಲ್ಲಿ ಇರುವ ಸರ್ವರ್ ಭಾಗ). ಟ್ಯಾಂಗ್ ಸರ್ವರ್ ನಮ್ಮ ಕೀಯನ್ನು ಇಟ್ಟುಕೊಳ್ಳುವುದೇ ಇಲ್ಲ, ಅದು ನೆಟ್‌ವರ್ಕ್‌ನಲ್ಲಿ ಇದ್ದರೆ ಮಾತ್ರ ಹೋಸ್ಟ್ ತನ್ನ ಕೀಯನ್ನು ಮತ್ತೆ ಲೆಕ್ಕ ಹಾಕಿಕೊಳ್ಳಬಲ್ಲದು. ಹೊರಗೆ ಒಯ್ದ ಹೋಸ್ಟ್ ಏನನ್ನೂ ತೆರೆಯಲಾರದು. ಕ್ಲೆವಿಸ್‌ನಲ್ಲಿ ಶಮೀರ್ ಹಂಚಿಕೆಯೂ ಇದೆ, ಮೂರು ಟ್ಯಾಂಗ್‌ಗಳಲ್ಲಿ ಯಾವ ಎರಡು ಸಿಕ್ಕರೂ ಸಾಕು ಅಂತ ಇಡಬಹುದು. ಟ್ಯಾಂಗ್‌ಗಳು ಕ್ಲಸ್ಟರ್‌ನ ಹೊರಗೆ, ಬೇರೆ ಯಂತ್ರಗಳಲ್ಲಿ ಇರಲಿ.

ಇನ್ನೊಂದು ಸಣ್ಣ ಮಾತು. ಈ ಪಾಸ್‌ಫ್ರೇಸ್ ಮನುಷ್ಯರು ನೆನಪಿಡುವಂಥದ್ದಲ್ಲ, 32 ಯಾದೃಚ್ಛಿಕ ಬೈಟ್‌ಗಳು. ಹಾಗಾಗಿ ಊಹಿಸುವವರನ್ನು ನಿಧಾನ ಮಾಡಲೆಂದು ಪ್ರತಿ ಸಲ 2 ಸೆಕೆಂಡ್ ಸಿಪಿಯು ಸುಡುವ ಅಗತ್ಯ ಇಲ್ಲ. ಕ್ಯೂಎಮು ಲಕ್ಸ್‌ನಲ್ಲಿ ಆ ಸಮಯ ತಾನಾಗಿ 2000 ಮಿಲಿಸೆಕೆಂಡ್ ಇರುತ್ತದೆ, ಇಳಿಸಿಬಿಡಿ. 40 ವಿಎಂ ಒಟ್ಟಿಗೆ ಏಳುವಾಗ ವ್ಯತ್ಯಾಸ ಕಾಣುತ್ತದೆ.

ಹಳೇಕರ್ನಲ್

ಗೊಂಚಲು ಅವರ ಮಾತಿಗೆ ಪೂರ್ತಿ ಒಪ್ಪಿಗೆ. ಸೈಫರ್ ಯಾವುದು ಅಂತ ಯಾರೂ ಜಗಳವಾಡುತ್ತಿಲ್ಲ ನೋಡಿ, ಎಇಎಸ್-ಎಕ್ಸ್‌ಟಿಎಸ್ ಅಂತ ಎಲ್ಲರೂ ಒಪ್ಪಿದ್ದಾಗಿದೆ. ಈ ಪ್ಯಾಚಿನ ಮುಕ್ಕಾಲು ಪಾಲು ಕೀಗಳ ಓಡಾಟದ್ದೇ.

ಎಕ್ಸ್‌ಟಿಎಸ್ ಬಗ್ಗೆ ಒಂದೇ ಮಾತು ದಾಖಲೆಗೆ ಸೇರಿಸಿ. ಅದು ಓದದಂತೆ ಕಾಯುತ್ತದೆ, ಬದಲಾಗಿದೆಯೇ ಅಂತ ಹೇಳುವುದಿಲ್ಲ. ಸ್ಟೋರೇಜ್ ಕಡೆ ಕೂತವರು ಒಂದು ಬ್ಲಾಕಿನ ಹೋದ ತಿಂಗಳ ಪ್ರತಿಯನ್ನು ತಂದು ಅದೇ ಜಾಗಕ್ಕೆ ಹಾಕಿದರೆ ಅದು ಸರಿಯಾಗಿಯೇ ಬಿಚ್ಚಿಕೊಳ್ಳುತ್ತದೆ. ಬಳಕೆದಾರರಿಗೆ ಈ ಮಿತಿ ತಿಳಿದಿರಲಿ.

ಮೂರುಪ್ರತಿ

ಮೈಗ್ರೇಶನ್ ವೇಳೆ ಗುರಿ ಹೋಸ್ಟ್‌ಗೆ ಕೀ ಮೊದಲೇ ತಲುಪಿರಬೇಕು ಅನ್ನುವುದನ್ನು ಮರೆಯಬೇಡಿ. ಲಿಬ್‌ವರ್ಟ್ ಸೀಕ್ರೆಟ್‌ಗಳನ್ನು ವಿಎಂ ಜೊತೆ ಸಾಗಿಸುವುದಿಲ್ಲ, ಅದೇ ಯುಯುಐಡಿಯ (ಗುರುತು ಸಂಖ್ಯೆ) ಸೀಕ್ರೆಟ್ ಅಲ್ಲಿಯೂ ಇರಬೇಕು. ಒಂದು ಹೋಸ್ಟ್ ಸತ್ತು ಎಚ್‌ಎ (ಹೈ ಅವೈಲಬಿಲಿಟಿ) ವ್ಯವಸ್ಥೆ ವಿಎಂ ಅನ್ನು ಇನ್ನೊಂದು ಕಡೆ ಎಬ್ಬಿಸುವಾಗಲೂ ಇದೇ ಮಾತು, ಅಲ್ಲಿ ಕೇಳಿ ಪಡೆಯಲು ಹಳೆಯ ಹೋಸ್ಟ್ ಬದುಕಿರುವುದಿಲ್ಲ.

ಪ್ಲಗಿನ್‌ಗಾರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನಾನು ಒಂದು ಟಿಕ್ ಗುರುತಿನಿಂದ ಶುರು ಮಾಡಿದ್ದೆ. ಇವತ್ತು ಕೂತು ಪ್ಯಾಚನ್ನು ಹೊಸದಾಗಿ ಬರೆದೆ.

ದಾರಿಯ ರಕ್ಷಣೆ ಸ್ಟೋರೇಜ್‌ನ ಗುಣ, ಡಿಸ್ಕಿನ ರಕ್ಷಣೆ ಪ್ರತಿ ಡಿಸ್ಕಿನ ಗುಣ. ಎರಡರಲ್ಲಿ ಯಾವುದು ಕೇಳಿದ್ದರೂ ಅದು ಸಿಗದಿದ್ದರೆ ಸ್ಟೋರೇಜ್ ಮೇಲೇಳುವುದಿಲ್ಲ, ವಿಎಂ ಶುರುವಾಗುವುದಿಲ್ಲ. ವಿಎಂ ಕಾನ್ಫಿಗ್‌ನಲ್ಲಿ ಕೀಯ ಗುರುತು ಸಂಖ್ಯೆ ಮಾತ್ರ ಇರುತ್ತದೆ, ಕೀ ಇರುವುದಿಲ್ಲ. ಕ್ಯೂಎಮುಗೆ ಕೀ ಕೊಡುವಾಗ ಕಮಾಂಡ್ ಸಾಲಿನಲ್ಲಿ ಬಿಡಿಯಾಗಿ ಕೊಡುವುದಿಲ್ಲ, ಇಲ್ಲದಿದ್ದರೆ ಪ್ರೊಸೆಸ್ ಪಟ್ಟಿ ನೋಡಿದ ಯಾರಿಗಾದರೂ ಕಾಣುತ್ತದೆ. ನನ್ನ ಮೊದಲ ಕರಡಿನಲ್ಲಿ ಡೀಬಗ್ ಲಾಗ್ ಪೂರ್ತಿ ಕಮಾಂಡ್ ಬರೆಯುತ್ತಿತ್ತು, ಅದನ್ನೂ ತೆಗೆದೆ. ಮೈಗ್ರೇಶನ್ ಶುರುವಿಗೂ ಮುಂಚೆ ಗುರಿ ಹೋಸ್ಟ್‌ಗೆ ಆ ಕೀ ಸಿಗುತ್ತದೆಯೇ ಅಂತ ಕೇಳುತ್ತದೆ, ಮೈಗ್ರೇಶನ್‌ಗೆ ಟಿಎಲ್‌ಎಸ್ ಇಲ್ಲದಿದ್ದರೆ ಎಚ್ಚರಿಸುತ್ತದೆ. ಟೆಂಪ್ಲೇಟಿನಿಂದ ಪೂರ್ತಿ ನಕಲು ಅಂದರೆ ಹೊಸ ಕೀ, ಮತ್ತೆ ಬರೆಯುವುದು. ಕೀ ಅಳಿಸಲು ಹೋದರೆ ಅದರ ಮೇಲೆ ನಿಂತಿರುವ ಇಮೇಜ್‌ಗಳ ಜೊತೆಗೆ ಬ್ಯಾಕಪ್‌ಗಳನ್ನೂ ಎಣಿಸಿ ತೋರಿಸುತ್ತದೆ, ಒಂದಾದರೂ ಇದ್ದರೆ ಅಳಿಸುವುದಿಲ್ಲ. ಸರ್ಟಿಫಿಕೇಟ್ ದಿನಾಂಕ ಸ್ಟೋರೇಜ್ ಪುಟದ ಮೊದಲ ಸಾಲಿನಲ್ಲೇ ಇದೆ.

ಕಂಟೈನರ್‌ಗಳಿಗೆ ಸೆಫ್ ಎನ್‌ಕ್ರಿಪ್ಶನ್ ಈ ಸಲ ಇಲ್ಲ. ಎನ್‌ಬಿಡಿ ದಾರಿಯನ್ನು ಅರ್ಧಂಬರ್ಧ ಸೇರಿಸಲು ಮನಸ್ಸು ಒಪ್ಪಲಿಲ್ಲ.

ಟ್ಯಾಂಗ್ ಜೋಡಣೆ ಕೆಲಸ ಮಾಡುತ್ತಿದೆ, ಆದರೆ ನಿಂತಲ್ಲೇ ಪರೀಕ್ಷಿಸಿದ್ದು ಸಾಲದು. ಶನಿವಾರ ಪರೀಕ್ಷಾ ಕ್ಲಸ್ಟರ್‌ನ ಎಲ್ಲ ಯಂತ್ರಗಳ ಪವರ್ ಒಟ್ಟಿಗೆ ಕಿತ್ತು, ಮೂರು ಟ್ಯಾಂಗ್‌ಗಳಲ್ಲಿ ಒಂದನ್ನು ಬೇಕೆಂದೇ ಕೆಳಗಿಟ್ಟು, ಯಾರೂ ಕೀಬೋರ್ಡ್ ಮುಟ್ಟದೆ ಎಷ್ಟು ವಿಎಂಗಳು ಎದ್ದು ಬರುತ್ತವೆ ಅಂತ ನೋಡುತ್ತೇನೆ. ಲಾಗ್‌ಗಳನ್ನು ಪೂರ್ತಿಯಾಗಿ ಇಲ್ಲೇ ಹಾಕುತ್ತೇನೆ.

ರಾತ್ರಿಪಾಳಿ

ಶನಿವಾರ ನಾನು ಜೊತೆಗಿರುತ್ತೇನೆ. ಪವರ್ ಕೀಳುವ ಮುಂಚೆ ಒಂದು ಹೋಸ್ಟ್‌ನಲ್ಲಿ ಅವಧಿ ಮುಗಿದ ಸರ್ಟಿಫಿಕೇಟ್ ಇಟ್ಟು ನೋಡೋಣ. ಎಚ್ಚರಿಕೆ ಬರುತ್ತದೆಯೋ, ಮತ್ತೆ ‘ಡಿ’ ಅಕ್ಷರಗಳೇ ಬರುತ್ತವೆಯೋ ಗೊತ್ತಾಗುತ್ತದೆ.